ಪರಿಚಯದವರ ಎಣ್ಣೆ

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ, ಅವರಲ್ಲಿ ಒಬ್ಬರೂ ವಿಜ್ಞಾನಿಯಾಗದ ಹಾಗೆ ನೋಡಿಕೊಂಡು ನಾನು ನಿವೃತ್ತನಾದೆ. ಆ ಸೇವೆಯನ್ನು ಮೆಚ್ಚಿಯೇ ಇರಬೇಕು, ಒಂದು ಸಂಸ್ಥೆಯವರು ಕರೆದು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಭವಿಷ್ಯವನ್ನು ನನ್ನ ಕೈಗೆ ಕೊಟ್ಟರು. ಭವಿಷ್ಯವು ಜೇವರ್ಗಿಯಿಂದ ಯಡ್ರಾಮಿಗೆ ಹೋಗುವ ರಸ್ತೆಯ ಪಕ್ಕ, ತೊಗರಿ ಹೊಲಗಳ ನಡುವೆ, ಒಂದು ತಗಡಿನ ಶೆಡ್ಡಿನಲ್ಲಿತ್ತು. ಒಳಗೆ ಹೊಂಗೆ ಕಾಯಿ ಸುಲಿಯುವ ಒಂದು ಯಂತ್ರ, ಬೀಜ ಹಿಂಡುವ ಒಂದು ಗಾಣ, ಹಿಂಡಿದ ಎಣ್ಣೆಯನ್ನು ಡೀಸೆಲ್ಲಿನ ಹಾಗೆ ತೆಳ್ಳಗೆ ಮಾಡುವ ಒಂದು ಟ್ಯಾಂಕು, ಮತ್ತು ಆ ಎಣ್ಣೆಯಿಂದ ಓಡಿ ತೋರಿಸಬೇಕಾದ ಒಂದು ಹಳೆಯ ಇಂಜಿನ್ನು. ನಾಳೆ ಪೆಟ್ರೋಲು ಡೀಸೆಲ್ಲು ಮುಗಿದುಹೋದರೆ ಜನ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಉತ್ತರದ ಬೀಗದ ಕೈ ಮಾತ್ರ ಮಿಸ್ತ್ರಿಯ ಹತ್ತಿರ.

ಮಿಸ್ತ್ರಿ ನನಗಿಂತ ಹತ್ತು ವರ್ಷ ಚಿಕ್ಕವ. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಇಂಜಿನ್ನಿನ ಜೊತೆ ಎರಡೂ. ಜೈವಿಕ ಇಂಧನದ ಬಗ್ಗೆ ಅವನಿಗೆ ನನ್ನಷ್ಟು ಭಕ್ತಿ ಇರಲಿಲ್ಲ.

"ಪೆಟ್ರೋಲಿನ್ಯಾಗ ಕಬ್ಬಿನ ಸ್ಪಿರಿಟ್ ಕೂಡಸ್ತಾರಂತಲ್ರಿ ಮಾಸ್ತರ್ ಸಾಬ್," ಎಂದು ಒಂದು ದಿನ ಕೇಳಿದ.

"ಹೌದು. ಅದೂ ನಮ್ಮ ಹಾದಿಯದೇ. ಭವಿಷ್ಯ."

"ನಾ ಹುಟ್ಟಿ ಒಂದು ಹನಿ ಬಾಯಿಗೆ ಹಚ್ಚಿಲ್ರಿ. ಈಗ ನನ್ನ ಗಾಡಿ ಕುಡ್ಯಾಕತ್ಯಾದ. ಶುಕ್ರವಾರ ಅದನ್ನ ಮಸೀದಿ ಮುಂದ ಹ್ಯಾಂಗ ನಿಲ್ಲಸ್ಲಿ, ಹೇಳ್ರಿ."

"ಸ್ವಲ್ಪ ದೂರ ನಿಲ್ಲಿಸು," ಎಂದೆ. ಅಂದಿನಿಂದ ಅವನು ಹಾಗೇ ಮಾಡುತ್ತಿದ್ದ.

ನಮ್ಮ ಎಲ್ಲ ಅನರ್ಥಕ್ಕೆ ಮೂಲ ಒಂದು ಅಕ್ಷರ. ಶೆಡ್ಡಿನ ಮೇಲೆ 'ಜೈವಿಕ ಇಂಧನ ಪ್ರಾತ್ಯಕ್ಷಿಕೆ ಕೇಂದ್ರ' ಎಂದು ಬರೆಯಲು ಜೇವರ್ಗಿಯ ಪೇಂಟರನಿಗೆ ಹೇಳಿದ್ದೆ. ಬಂದು ನೋಡಿದರೆ ಕೆಂಪು ಬಣ್ಣದಲ್ಲಿ, ಹಳದಿ ಅಂಚು ಕೊಟ್ಟು, 'ದೈವಿಕ ಇಂಧನ' ಎಂದು ಬರೆದಿದ್ದ. ಕೇಳಿದರೆ, "ಜೈವಿಕ ಅಂತ ಜನ್ಮದಾಗ ಬರದಿಲ್ರಿ ಮಾಸ್ತರ. ದೈವಿಕ ಭಾಳ ಬರದೇನಿ. ಕೈ ತಾನಾ ಹೋತು," ಎಂದ. ತಿದ್ದಿಸಲು ಅನುಮತಿ ಕೇಳಿ ಮೇಲಕ್ಕೆ ಅರ್ಜಿ ಬರೆದೆ. ಅರ್ಜಿಯಲ್ಲಿ ನಾನು ಜೈವಿಕ ಎಂದು ಸರಿಯಾಗಿಯೇ ಬರೆದದ್ದರಿಂದ ತಪ್ಪು ಎಲ್ಲಿದೆ ಎಂದು ಮೇಲಿನವರಿಗೆ ತಿಳಿಯಲಿಲ್ಲ.

ವಾರ ಕಳೆಯುವುದರೊಳಗೆ ಹೊಸ್ತಿಲ ಮೇಲೆ ಒಂದು ನಿಂಬೆಹಣ್ಣು ಕಂಡಿತು. ಮರುದಿನ ಇಂಜಿನ್ನಿಗೆ ಯಾರೋ ವಿಭೂತಿ ಹಚ್ಚಿ ಹೋಗಿದ್ದರು. ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರತೊಡಗಿದರು. ಅದೇ ಹೊತ್ತಿಗೆ, ಅಲ್ಲಿಯವರೆಗೆ ಕೈ ಮುಗಿದು ಬೇಡಿದರೂ ಬಾರದ ಹೊಂಗೆ ಕಾಯಿ ಚೀಲಗಟ್ಟಲೆ ಬರಲು ಶುರುವಾಯಿತು. ವಿಜ್ಞಾನದ ಹಿತದೃಷ್ಟಿಯಿಂದ ನಾನು ಬೋರ್ಡಿನ ವಿಷಯದಲ್ಲಿ ಸುಮ್ಮನಾದೆ.

ಪುಸ್ತಕದಲ್ಲಿ ಹೊಂಗೆ ಎನ್ನುವುದು ನಮ್ಮ ಬಾಯಲ್ಲಿ ಹುಲಗಲ, ಮಿಸ್ತ್ರಿಯ ಬಾಯಲ್ಲಿ ಕರಂಜಿ. ಕರಿಮಣ್ಣು ಬಾಯಿ ಬಿಡುವ ಬಿಸಿಲಿನಲ್ಲಿ, ಉಳಿದ ಗಿಡಗಳೆಲ್ಲ ಬೋಳಾಗಿ ನಿಂತಾಗ, ಅದೊಂದು ಹಸಿ ಹಸಿರಾಗಿ ಚಿಗುರಿ ನಿಲ್ಲುತ್ತದೆ. ನೀರು ಎಲ್ಲಿಂದ ಕುಡಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಅದು ಹೆಚ್ಚಾಗಿ ಕಾಣುವುದು ಎರಡು ಜಾಗದಲ್ಲಿ: ಹಳ್ಳದ ದಂಡೆ, ಇಲ್ಲವೇ ಸತ್ತವರಿಗೆ ಮಣ್ಣು ಕೊಟ್ಟ ಜಾಗ. ಈ ಎರಡನೆಯದು ನನಗೆ ಹೊಳೆದದ್ದು ತಡವಾಗಿ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನಕ್ಕೆ ಟೆಂಪೋ ತೆಗೆದುಕೊಂಡು ಹೋದಾಗ ಒಬ್ಬ ಮುದುಕರು ಎರಡು ಚೀಲ ಕೊಟ್ಟು, "ಇದು ನಮ್ಮ ಅಬ್ಬಾಂದು, ಇದು ನಮ್ಮ ಚಾಚಾಂದು," ಎಂದರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಿರಬೇಕು ಎಂದುಕೊಂಡೆ. ಟೆಂಪೋ ಊರು ದಾಟಿದ ಮೇಲೆ ಮಿಸ್ತ್ರಿ ಮೆಲ್ಲಗೆ, "ಖಬರಸ್ತಾನದ ಗಿಡದ್ದು ರೀ," ಎಂದ. ಅಫಜಲಪುರ ತಾಲೂಕಿನ ಹವಳಗಾ ಕಡೆಯಿಂದ ಬಂದ ಚೀಲಗಳೂ ಅಂಥವೇ. ಹೊಲದ ಬದುವಿನಲ್ಲಿ ಹಿರಿಯರನ್ನು ಕೂರಿಸಿ ಮಣ್ಣು ಕೊಟ್ಟ ಮನೆಗಳವರು, ಆ ಬದುವಿನ ಗಿಡದ ಕಾಯಿಯನ್ನೇ ಆರಿಸಿ ತಂದಿದ್ದರು. ದೈವಿಕ ಇಂಧನ ಎಂದ ಮೇಲೆ ಮತ್ತೆ ಎಲ್ಲಿಯದು ತರಬೇಕು ಅವರು?

ಆದರೆ ನಾನು ಭಾಷಣ ಬಿಡಲಿಲ್ಲ. ಊರೂರಿನ ಕಟ್ಟೆಯ ಮೇಲೆ ನಿಂತು ಗಂಭೀರವಾಗಿ ಹೇಳುತ್ತಿದ್ದೆ: "ನೋಡ್ರಿ, ಪೆಟ್ರೋಲ್ ಅಂದ್ರೂ ಸತ್ತ ಜೀವಗಳೇ. ಕೋಟ್ಯಂತರ ವರ್ಷದ ಹಿಂದೆ ಮಣ್ಣಾದವು, ಈಗ ಎಣ್ಣೆಯಾಗಿ ಮೇಲೆ ಬರ್ತವೆ. ಹೊಂಗೆ ಅಷ್ಟು ಕಾಯಿಸೋದಿಲ್ಲ. ಈ ವರ್ಷ ಹೀರಿದ್ದು ಈ ವರ್ಷವೇ ಕೊಡ್ತದೆ." ಒಬ್ಬ ಕೇಳಿದ: "ಅಂದ್ರ ಅವ್ರು ಪರಿಚಯ ಇಲ್ಲದವ್ರು, ಇವ್ರು ಪರಿಚಯದವ್ರು. ಅಷ್ಟ ಹೌದಲ್ರಿ?" ನಾನು ಹೌದು ಎಂದುಬಿಟ್ಟೆ. ಜನ ತಲೆ ಆಡಿಸಿದರು. ನಾನೊಬ್ಬನೇ ಆ ಮಾತನ್ನು ಶೆಡ್ಡಿಗೆ ಹೊತ್ತುಕೊಂಡು ಬಂದೆ.

ಬೇಸಿಗೆಯ ಮಧ್ಯಾಹ್ನ ಆ ಶೆಡ್ಡಿನಲ್ಲಿ ಒಬ್ಬನೇ ಕೂರುವುದು ಹೇಗಿರುತ್ತದೆ ಎಂದು ಹೇಳಬೇಕು. ರಸ್ತೆಯಲ್ಲಿ ಒಂದು ಗಾಡಿ ಇಲ್ಲ. ತಗಡು ಕಾದು ಟಕ್ಕೆನ್ನುತ್ತದೆ. ಗೋಡೆಗೆ ಒರಗಿಸಿದ ಚೀಲಗಳ ಒಳಗೆ ಒಣಗಿದ ಕಾಯಿಗಳು ತಮ್ಮಷ್ಟಕ್ಕೆ ಸರಿಯುತ್ತವೆ. ಕೂತವರು ಕಾಲು ಬದಲಿಸಿದ ಹಾಗೆ ಒಂದು ಸದ್ದು, ಆಮೇಲೆ ಮತ್ತೊಂದು ಚೀಲದಿಂದ ಅದಕ್ಕೆ ಉತ್ತರ. ಕಹಿ ಎಣ್ಣೆಯ ವಾಸನೆ. ಒಂದು ನೊಣ ಇರುತ್ತಿರಲಿಲ್ಲ. ಹೊಂಗೆ ಎಣ್ಣೆಗೆ ಹುಳ ಬರುವುದಿಲ್ಲ ಎಂದು ನಾನೇ ಪಾಠ ಮಾಡಿದವನು. ಆದರೂ ಮೇ ತಿಂಗಳಲ್ಲಿ ಒಂದೂ ನೊಣವಿಲ್ಲದ ಕೋಣೆಯಲ್ಲಿ ನೀವು ಒಮ್ಮೆ ಕೂತು ನೋಡಬೇಕು. ಕೈ ತಾನಾಗಿ ತನ್ನ ನಾಡಿ ಹಿಡಿದು ನೋಡಿಕೊಳ್ಳುತ್ತದೆ.

ಇನ್ನು ಇಂಜಿನ್ನು. ಅದು ಹತ್ತಿರದ ಹಳ್ಳಿಯ ಒಬ್ಬ ರೈತನದು. ಬಾವಿಯ ಮೇಲೆ ಇಪ್ಪತ್ತು ವರ್ಷ ಅದನ್ನು ಹೊಡೆದು ಆತ ತೀರಿಕೊಂಡಿದ್ದ. ಬಾವಿಗೆ ಕರೆಂಟಿನ ಮೋಟಾರು ಬಂದ ಮೇಲೆ ಅವನ ಹೆಂಡತಿ, "ಸುಮ್ನ ಜಂಗ ಹಿಡೀತದ, ಒಯ್ರಿ," ಎಂದು ನಮಗೆ ಕೊಟ್ಟಿದ್ದಳು. ಮಿಸ್ತ್ರಿ ಕೆಲಸ ಕಲಿತದ್ದು ಆ ರೈತನ ಕೈ ಕೆಳಗೇ. ಹ್ಯಾಂಡಲ್ ಹಾಕುವ ಮುಂಚೆ ಈಗಲೂ ಇಂಜಿನ್ನಿನ ಬೆನ್ನಿನ ಮೇಲೆ ಕೈ ಇಟ್ಟು, "ಉಸ್ತಾದ್, ಹೊಡೀಲೇನ್ರಿ?" ಎಂದು ಕೇಳುತ್ತಿದ್ದ. ಸ್ವಲ್ಪ ತಡೆದು, ಅನುಮತಿ ಬಂದವನ ಹಾಗೆ, ತಿರುಗಿಸುತ್ತಿದ್ದ. ಅನುಮತಿ ಬಾರದ ದಿನವೂ ಇತ್ತು. ಅಂಥ ದಿನ ಅವನು ಚಹಾ ಕುಡಿದು ಬರುತ್ತಿದ್ದ.

ಇಂಜಿನ್ನು ಕೊಟ್ಟ ಆ ಹೆಣ್ಣುಮಗಳು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದಳು. ಅರವತ್ತು ದಾಟಿದಾಕೆ, ಹಣೆ ತುಂಬ ವಿಭೂತಿ, ಬಿರುಸು ಬಾಯಿ. ಗಂಡನನ್ನು ಮಣ್ಣು ಮಾಡಿದ್ದು ಅವರ ಹೊಲದ ಹುಲಗಲ ಗಿಡದ ಬುಡದಲ್ಲಿ. ಆ ಒಂದೇ ಗಿಡದ ಕಾಯಿ ಆರಿಸಿ, ಹಸಿರು ಸೀರೆಯ ಅಂಚಿನಿಂದ ಚೀಲದ ಬಾಯಿ ಕಟ್ಟಿ ತರುತ್ತಿದ್ದಳು. ಅವನು ತೀರಿದ ತಿಥಿಯ ದಿನ ಅವನ ಸಮಾಧಿಯ ಗದ್ದುಗೆಯ ಮುಂದೆ ಹಚ್ಚುವ ದೀಪಕ್ಕೆ ಆ ಗಿಡದ ಎಣ್ಣೆಯೇ ಆಗಬೇಕು. ಮೊದಲು ಊರಿನ ಗಾಣದಲ್ಲಿ ಹಿಂಡಿಸುತ್ತಿದ್ದಳಂತೆ. ಅದು ಮುಚ್ಚಿತು. ಆಮೇಲೆ ನಮ್ಮ ಬೋರ್ಡು ಓದಿದಳು.

"ಬ್ಯಾರೇದಕ್ಕ ಕೂಡಸಬ್ಯಾಡ್ರಿ ಮಾಸ್ತರ," ಎಂದು ಈ ವರ್ಷವೂ ಹೇಳಿದಳು. "ನಿಮ್ಮಲ್ಲೇ ಯಾಕ ತರ್ತೇನಿ ಅಂದ್ರ, ಇದು ದೇವರ ಕೆಲಸದ ಜಾಗಾ ಅಂತ. ಬ್ಯಾರೆ ಕಡೆ ನಂಬಿಕಿ ಇಲ್ರಿ."

ಆಗ ನಾನು ಅದು 'ಜೈ', 'ದೈ' ಅಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

"ಚಿಂತಿ ಬ್ಯಾಡ ಅವ್ವಾ, ನಾ ಇಲ್ಲೇ ಅದೀನಲ್ಲ," ಎಂದ ಮಿಸ್ತ್ರಿ.

"ನೀ ಅದಿ ಅಂತನೇ ಚಿಂತಿ ಲೇ! ಅವ್ರು ಸಾಯೂಮಟ ನಿನಗ ನಟ್ ಬಿಗಿಯಾಕ ಕಲಿಸ್ಕೋತ ಹೋದ್ರು, ಬರಲಿಲ್ಲ," ಎಂದು ಅವನ ಬೆನ್ನಿಗೆ ಒಂದು ಹಾಕಿ, ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದು ಹೋದಳು. ಮಿಸ್ತ್ರಿ ಗಾಣ ತೊಳೆದು ಅವಳ ಬೀಜವನ್ನಷ್ಟೇ ಹಿಂಡಿ, ಒಂದು ಡಬ್ಬಿಗೆ ತುಂಬಿ, ಅದೇ ಹಸಿರು ಅಂಚು ಸುತ್ತಿ ಮೂಲೆಗೆ ಇಟ್ಟ.

ನಾಲ್ಕನೆಯ ದಿನವೇ ಮೇಲಿನವರು ನಮ್ಮ ಕೇಂದ್ರ ನೋಡಲು ಬರುವುದಿತ್ತು. ಮುಂದೆ ಇದು ಇರಬೇಕೋ ಮುಚ್ಚಬೇಕೋ ಎಂದು ನೋಡುವ ಭೇಟಿ. ಬೆಳಿಗ್ಗೆ ನೋಡಿದರೆ ತೆಳ್ಳಗೆ ಮಾಡಿದ ಎಣ್ಣೆ ಟ್ಯಾಂಕಿನ ತಳದಲ್ಲಿ ಎರಡೇ ಬೆರಳು. ಹೊಸದು ತಯಾರಾಗಲು ಒಂದು ದಿನ ಬೇಕು. ದೊಡ್ಡ ಪೀಪಾಯಿಗಳಲ್ಲಿದ್ದದ್ದು ಇನ್ನೂ ಸೋಸದ ಗಸಿ. ಮಿಸ್ತ್ರಿ ಬರುವವರಿಗೆ ತಂಪು ಪಾನೀಯ ತರಲು ಜೇವರ್ಗಿಗೆ ಹೋಗಿದ್ದ. ಮೂಲೆಯಲ್ಲಿ ಹಸಿರು ಅಂಚಿನ ಡಬ್ಬಿ ಇತ್ತು, ತಿಳಿಯಾಗಿ, ಹೊಂಬಣ್ಣದಲ್ಲಿ. ಅವಳು ಬರುವುದರೊಳಗೆ ಬೇರೆ ಬೀಜ ಹಿಂಡಿ ಡಬ್ಬಿ ತುಂಬಿಸಿದರಾಯಿತು, ಎಣ್ಣೆಗೆ ಹೆಸರು ಬರೆದಿರುತ್ತದೆಯೇ ಎಂದುಕೊಂಡೆ. ಅಂಚು ಬಿಚ್ಚಿದೆ, ಇಂಜಿನ್ನಿನ ಟಾಕಿಗೆ ಸುರಿದೆ, ಖಾಲಿ ಡಬ್ಬಿಗೆ ಅಂಚನ್ನು ಮೊದಲಿನ ಹಾಗೇ ಸುತ್ತಿ ಇಟ್ಟೆ. ಈ ಕೊನೆಯ ಕೆಲಸ ಏಕೆ ಮಾಡಿದೆ ಎಂಬುದಕ್ಕೆ ವೈಜ್ಞಾನಿಕ ವಿವರಣೆ ಇಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನವರಿಬ್ಬರು ಬಂದು ಕೂತರು. ಮಿಸ್ತ್ರಿ ಇಂಜಿನ್ನಿನ ಮೇಲೆ ಕೈ ಇಟ್ಟು ಕೇಳಿದ. ಅಂದು ತಡೆಯಲೇ ಇಲ್ಲ, ಒಂದೇ ತಿರುವಿಗೆ ಹತ್ತಿತು. ಅಷ್ಟು ಸರಾಗವಾಗಿ ಅದು ಓಡಿದ್ದನ್ನು ನಾನು ಕೇಳಿರಲಿಲ್ಲ. ಮಿಸ್ತ್ರಿಯೂ ತಲೆ ಓರೆ ಮಾಡಿ ಕೇಳಿಸಿಕೊಂಡ. ನಾನು ಇಂಧನದ ಭವಿಷ್ಯದ ಮೇಲೆ ಕಾಲು ಗಂಟೆ ಮಾತಾಡಿ, "ಇನ್ನು ಬಂದ್ ಮಾಡು," ಎಂದೆ.

ಅವನು ಟಾಕಿಯ ಕೆಳಗಿನ ಕಾಕ್ ತಿರುಗಿಸಿದ. ಇಂಜಿನ್ನು ಓಡುತ್ತಲೇ ಇತ್ತು. ಪೈಪಿನಲ್ಲಿ ಉಳಿದದ್ದು ಮುಗಿಯಲಿ ಎಂದು ಕಾದೆವು. ಮುಗಿಯಲಿಲ್ಲ. ಮಿಸ್ತ್ರಿ ಪಾನಾ ತೆಗೆದುಕೊಂಡು ಎಣ್ಣೆಯ ಪೈಪನ್ನೇ ಬಿಚ್ಚಿದ. ಅದರ ಬಾಯಿಂದ ನಾಲ್ಕು ಹನಿ ನೆಲಕ್ಕೆ ಬಿದ್ದು ನಿಂತಿತು. ಇಂಜಿನ್ನು ನಿಲ್ಲಲಿಲ್ಲ. ಬದಲಿಗೆ ವೇಗ ಏರಿತು.

"ಇಂಧನ ಇಲ್ಲದೆಯೂ ಓಡುತ್ತದೆಯೇ?" ಎಂದು ಮೇಲಿನವರಲ್ಲಿ ಒಬ್ಬರು ಕೇಳಿದರು. "ಇದನ್ನು ನೀವು ವರದಿಯಲ್ಲಿ ಬರೆದೇ ಇಲ್ಲವಲ್ಲ."

ನನಗೆ ಕಾರಣ ಗೊತ್ತಿತ್ತು. ಹಳೆಯ ಇಂಜಿನ್ನು, ಒಳಗಿನ ರಿಂಗು ಸವೆದಿವೆ. ವಾರಗಟ್ಟಲೆ ಓಡಿಸಿದ ಹೊಂಗೆ ಎಣ್ಣೆ ಸೋರಿ, ಭಾಗಗಳು ಸವೆಯದಿರಲು ಕೆಳಗೆ ತುಂಬಿರುವ ಆಯಿಲ್‌ಗೆ ಸೇರಿದೆ, ಅದರ ಮಟ್ಟ ಏರಿದೆ, ಈಗ ಇಂಜಿನ್ನು ಆ ಆಯಿಲನ್ನೇ ಮೇಲಕ್ಕೆ ಎಳೆದು ಉರಿಸುತ್ತಿದೆ. ಅಂದರೆ ತನ್ನನ್ನು ತಾನೇ ತಿನ್ನುತ್ತಿದೆ. ಎಲ್ಲಾ ಸರಿ. ಆದರೆ ಬಾಯಿಗೆ ಏನೂ ಕೊಡದ ಕಬ್ಬಿಣ, ಎದುರಿಗೆ ನಿಂತು, ಗಾಲಿ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತ, ನೆಲ ನಡುಗಿಸುತ್ತ ಇದ್ದಾಗ, ಗೊತ್ತಿರುವುದು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಬಿಳಿ ಹೊಗೆ ಶೆಡ್ಡು ತುಂಬಿತು. ಚೀಲಗಳೆಲ್ಲ ಗೋಡೆ ಬಿಟ್ಟು ಒಂದೊಂದಾಗಿ ಮುಂದಕ್ಕೆ ಬಾಗಿದವು. ಮೇಲಿನವರು ತಮ್ಮ ಜೀಪಿನ ಸುರಕ್ಷತೆಯನ್ನು ಪರಿಶೀಲಿಸಲು ಹೊರಗೆ ಹೋದರು. ಜೀಪು ಹೊರಟುಹೋದ ಸದ್ದನ್ನು ಇಂಜಿನ್ನು ನಮಗೆ ಕೇಳಗೊಡಲಿಲ್ಲ.

"ಉಸಿರು ಕಟ್ಟಬೇಕ್ರಿ ಇದರದು!" ಎಂದು ಕೂಗಿ ಮಿಸ್ತ್ರಿ ಒಂದು ಗೋಣಿಚೀಲವನ್ನು ನೀರಿನ ಡ್ರಮ್ಮಿಗೆ ಅದ್ದಿದ. ಗಾಳಿ ಎಳೆಯುವ ಬಾಯಿಗೆ ಅದನ್ನು ಒತ್ತಲು ಹೊಗೆಯೊಳಗೆ ನುಗ್ಗಿದ.

ಅದೇ ಹೊತ್ತಿಗೆ ಬಾಗಿಲಲ್ಲಿ ಆಕೆ ನಿಂತಿದ್ದಳು. ಎಣ್ಣೆ ಒಯ್ಯಲು ಬಂದಿದ್ದಳು. ಸೆರಗಿನಿಂದ ಹೊಗೆ ಸರಿಸುತ್ತ, ಒಂದಿಷ್ಟೂ ಗಾಬರಿಯಿಲ್ಲದೆ, ಹೊಲದ ಆ ಬದುವಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು:

"ಸಾಕು ಮಾಡ್ರಿ ಇನ್ನ! ರೊಟ್ಟಿ ಆರ್ಯಾವ!"

ಇಂಜಿನ್ನಿನ ವೇಗ ಇಳಿಯಿತು. ಧಕ್ ಎಂದಿತು. ಸ್ವಲ್ಪ ತಡೆದು ಮತ್ತೊಮ್ಮೆ. ಬಹಳ ಹೊತ್ತು ಬಿಟ್ಟು, ಮನಸ್ಸಿಲ್ಲದ ಮನಸ್ಸಿನಿಂದ, ಇನ್ನೊಮ್ಮೆ. ಆಮೇಲೆ ನಿಂತಿತು.

ಹೊಗೆ ಇಳಿದಾಗ ಮಿಸ್ತ್ರಿ ಗೋಣಿಚೀಲ ಹಿಡಿದು ನಿಂತಿದ್ದ. ಅವಳು ಕೂಗಿದ್ದು ಮೊದಲೋ, ಅವನು ಚೀಲ ಒತ್ತಿದ್ದು ಮೊದಲೋ, ನನಗೆ ಕಾಣಲಿಲ್ಲ. ಅವನನ್ನು ಕೇಳಿದರೆ, "ಒತ್ತಿದ್ನೋ ಇಲ್ಲೋ ನೆನಪಿಲ್ರಿ," ಎಂದ. ಇವತ್ತಿಗೂ ಅದನ್ನೇ ಅನ್ನುತ್ತಾನೆ.

ಅವಳು ನನಗೇ ಹೇಳಿದಳು ಎಂದು ನಾನು ತಿಳಿದಿದ್ದೆ. ಮಿಸ್ತ್ರಿಗಾದರೆ ಆಕೆ 'ಮಾಡಲೇ' ಎನ್ನುವವಳು. 'ಮಾಡ್ರಿ' ಎಂದು ಮರ್ಯಾದೆ ಕೊಟ್ಟದ್ದು ಮಾಸ್ತರನಿಗೇ ಇರಬೇಕು. ಆದರೆ ನನಗಾಗಿ ಯಾರೂ ರೊಟ್ಟಿ ಬಡಿದಿರಲಿಲ್ಲ.

"ಬಾಯಾಗ ರೂಢಿ ಬಂತು ನೋಡ್ರಿ," ಎಂದು ಅವಳೇ ನಕ್ಕಳು. "ಇಪ್ಪತ್ತು ವರ್ಷ ಇದನ್ನ ಒದರೇನಿ. ಇಂಜಿನ ಹೊಡ್ಯಾಕ ನಿಂತ್ರ ಉಣ್ಣೂದು ಖಬರ್ ಇರ್ತಿದ್ದಿಲ್ಲ ಅವ್ರಿಗಿ. ಸಪ್ಪಳ ಕೇಳಿದ ಕೂಡ್ಲೆ ಒದರೇ ಬಿಟ್ಟೆ." ಆಮೇಲೆ ಮೂಲೆಗೆ ಹೋಗಿ, ಹಸಿರು ಅಂಚಿನ ಡಬ್ಬಿಯನ್ನು ಎತ್ತಿದಳು. ಎತ್ತಿದವಳು ನಿಂತಳು. ಡಬ್ಬಿ ಹಗುರವಿತ್ತು.

"ಎಣ್ಣಿ ಎಲ್ಲ್ಯದ್ರಿ ಮಾಸ್ತರ? ನಾಳಿ ತಿಥಿ ಅದ."

ಮಿಸ್ತ್ರಿ ನನ್ನನ್ನು ನೋಡಿದ. ಅವನಿಗೆ ಗೊತ್ತಿರಲಿಲ್ಲ. ನನ್ನ ಬಾಯಲ್ಲಿ ಒಂದು ಇಲಿ ತಯಾರಿತ್ತು, ಡಬ್ಬಿ ಉರುಳಿಸಿದ ಇಲಿ. ಒಳ್ಳೆಯ, ವೈಜ್ಞಾನಿಕ ಇಲಿ. ಅದನ್ನು ಹೇಳಿದರೆ ಆಕೆ ಬೈದು ಮನೆಗೆ ಹೋಗುತ್ತಾಳೆ, ಇಂಜಿನ್ನು ಇಂಜಿನ್ನಾಗಿಯೇ ಉಳಿಯುತ್ತದೆ. ನಿಜ ಹೇಳಿದರೆ? ಗಂಡನ ತಲೆಯ ಮೇಲಿನ ಗಿಡದ ಎಣ್ಣೆ, ಗಂಡನ ಕೈಯ ಇಂಜಿನ್ನಿನಲ್ಲಿ, ಕಾಕ್ ಮುಚ್ಚಿದರೂ ನಿಲ್ಲದೆ ಓಡಿ, ಹೆಂಡತಿ ರೊಟ್ಟಿಗೆ ಕರೆದ ಕೂಡಲೇ ನಿಂತಿತು. ಮೂವತ್ತು ವರ್ಷ ದೆವ್ವ ಇಲ್ಲ ಎಂದು ಕಲಿಸಿದವನಿಗೆ, ಸುಳ್ಳು ಹೇಳಿದರೆ ವಿಜ್ಞಾನ ಉಳಿಯುತ್ತಿತ್ತು. ನಿಜವನ್ನು ಹೇಳಿದರೆ ಮಾತ್ರ ದೆವ್ವ ಬರುತ್ತಿತ್ತು.

"ಎಣ್ಣೆ ಕಡಿಮೆ ಬಿದ್ದಿತ್ತು," ಎಂದೆ. "ನಿಮ್ಮದನ್ನ ಇಂಜಿನ್ನಿಗೆ ಹಾಕಿದೆ. ನಾನೇ. ಇವನಿಗೆ ಗೊತ್ತಿಲ್ಲ."

ಮಿಸ್ತ್ರಿ ಕೈಯಲ್ಲಿದ್ದ ಗೋಣಿಚೀಲವನ್ನು ನೆಲಕ್ಕೆ ಬಿಟ್ಟ. ಇಂಜಿನ್ನಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ನೆಲದ ಮೇಲೆ ಕೂತುಬಿಟ್ಟ. ಮಧ್ಯಾಹ್ನ ಅದು ಒಂದೇ ತಿರುವಿಗೆ ಹತ್ತಿದ್ದನ್ನು ನೆನೆಸಿಕೊಳ್ಳುತ್ತಿದ್ದ ಎಂದು ಕಾಣುತ್ತದೆ.

ನಾನು ಸವೆದ ರಿಂಗಿನ ಬಗ್ಗೆ, ಆಯಿಲ್ ಮಟ್ಟದ ಬಗ್ಗೆ ಹೇಳಿದೆ. ಇದು ಇವತ್ತಿನ ಎಣ್ಣೆಯಿಂದ ಆದದ್ದೇ ಅಲ್ಲ, ತಿಂಗಳಿನಿಂದ ಆಗುತ್ತ ಬಂದದ್ದು ಎಂದೂ ಹೇಳಿದೆ. ಒಂದೊಂದು ಮಾತೂ ಸರಿ ಇತ್ತು. ಅವಳು ಅಡ್ಡಬಾರದೆ ಕೇಳಿದಳು. ಕ್ಲಾಸಿನಲ್ಲಿ ಅಷ್ಟು ಗಮನದಿಂದ ಯಾರೂ ನನ್ನ ಪಾಠ ಕೇಳಿರಲಿಲ್ಲ.

"ಅವ್ವಾ," ಎಂದು ಮಿಸ್ತ್ರಿ ಕೂತಲ್ಲಿಂದಲೇ ಹೇಳಿದ, "ಪೀಪಾಯಿದಾಗ ಭಾಳ ಎಣ್ಣಿ ಅದ. ಸೋಸಿ ಕೊಡ್ತೇನಿ. ನಾಳಿ ದೀಪಕ್ಕ ಆಗ್ತದ."

ಅವಳು ಸಾಲಾಗಿ ನಿಂತ ಪೀಪಾಯಿಗಳನ್ನೂ ಮುಂದಕ್ಕೆ ಬಾಗಿದ ಚೀಲಗಳನ್ನೂ ಒಂದು ಕ್ಷಣ ನೋಡಿದಳು.

"ಬ್ಯಾಡ್ರಪ್ಪ. ಅದು ಯಾರ ಮನಿಯವ್ರೋ ಏನೋ."

ಚೀಲದೊಳಗೆ ಕಾಯಿ ಸರಿದ ಸದ್ದಾಯಿತು. ಮಿಸ್ತ್ರಿ ಆ ಕಡೆ ಬೆನ್ನು ಮಾಡಿ ಕೂತಿದ್ದವನು ತಿರುಗಿ ಕೂತ.

"ನೀವು ಹಾಕಿದ್ದಕ್ಕ ನಾ ಏನೂ ಅನ್ನಂಗಿಲ್ರಿ ಮಾಸ್ತರ," ಎಂದಳು ಆಕೆ. ದನಿ ಸಣ್ಣಗಾಗಿತ್ತು. "ಖರೇ ಮೊದಲ ಹೇಳಬೇಕಿತ್ರಿ. ನಾ ಬಾಗಿಲದಾಗ ಬಂದಾಗ ಒಂದು ಮಾತು ಹೇಳಬೇಕಿತ್ತು. ಸಾಕು ಅಂತಿದ್ದಿಲ್ಲ ನಾ."

ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಎಣ್ಣೆ ಚೆಲ್ಲಿದ ನೆಲದ ಮೇಲೆ ಬರಿಗಾಲಲ್ಲಿ ನಡೆದು ಹೋಗಿ, ಇಂಜಿನ್ನಿನ ಪಕ್ಕಕ್ಕೆ ಕೂತು, ಅದರ ಬೆನ್ನ ಮೇಲೆ ಅಂಗೈ ಇಟ್ಟಳು. ಸುಡುತ್ತದೆ ಎಂದು ನಾನು ಕೂಗಬೇಕೆಂದುಕೊಂಡೆ. ಅವಳು ಕೈ ತೆಗೆಯಲಿಲ್ಲ.

ಅಷ್ಟು ಕಬ್ಬಿಣ ಆರಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನು ಮಕ್ಕಳಿಗೆ ನಾನು ಪ್ರತಿ ವರ್ಷ ಮಾಡಿಸಿದ್ದೇನೆ. ಬಿಸಿಲು ಬಾಗಿಲಿನಿಂದ ಹಿಂದೆ ಸರಿದು ರಸ್ತೆ ದಾಟಿ, ಆಚೆಯ ಹೊಲಕ್ಕೆ ಹೋಯಿತು. ಮಿಸ್ತ್ರಿ ಎದ್ದು ಆಕೆಗೆ ನೀರು ಕೊಟ್ಟ, ಅವಳು ಎಡಗೈಯಲ್ಲಿ ಕುಡಿದಳು. ಕಡೆಗೆ ನಾನೇ ಹತ್ತಿರ ಹೋಗಿ, ಹೊತ್ತಾಯಿತು, ಬಿಟ್ಟು ಬರುತ್ತೇವೆ ಏಳ್ರಿ ಎಂದೆ.

ಅವಳು ತಲೆ ಎತ್ತಲಿಲ್ಲ. ನಿದ್ದೆ ಹತ್ತಿದವರ ಪಕ್ಕ ಮಾತಾಡುವ ಹಾಗೆ ಮೆಲ್ಲಗೆ ಹೇಳಿದಳು:

"ಜರಾ ತಡೀರಿ. ಇನ್ನೂ ಬೆಚ್ಚಗ ಅದಾರ."